ಆರಂತಸ್ತಿನ ಪರದೆಯಲ್ಲಿ ಅತ್ತ ಫಾಯಿನಾ

ಫಾಯಿನಾ ಪ್ರೊಖೋರೊವ್ನಾ ನಮ್ಮ ಹಡಗಿನ ಅಡುಗೆಮನೆಯಲ್ಲಿ ಇಪ್ಪತ್ತೊಂದು ವರ್ಷ ದುಡಿದವಳು. ಗಟ್ಟಿ ಹೆಂಗಸು. ಬಾಯಿ ಇನ್ನೂ ಗಟ್ಟಿ. ಕಪ್ತಾನನೇ ಆಗಲಿ, ಸೂಪಿಗೆ ಉಪ್ಪು ಕಡಿಮೆ ಅಂದರೆ, "ಸುತ್ತ ಸಮುದ್ರಾನೇ ಇದೆಯಲ್ಲ, ಒಂದು ಚಮಚ ಎತ್ತಿ ಹಾಕ್ಕೊಳ್ಳಿ" ಅನ್ನುವವಳು. ನಾನು ಆಲ್ಯಾ, ಅದೇ ಹಡಗಿನ ರೇಡಿಯೊ ಕೋಣೆಯವಳು. ಅಷ್ಟಿಷ್ಟು ಇಂಗ್ಲಿಷ್ ಬರುತ್ತಿತ್ತು. ಅದೇ ಈ ಕಥೆಗೆ ಮೂಲವಾಯಿತು.

ತೊಂಬತ್ತೊಂದರ ಬೇಸಿಗೆಯಲ್ಲಿ ಕಲಿನಿನ್‌ಗ್ರಾದ್‌ನಿಂದ ಹೊರಟು ಅಟ್ಲಾಂಟಿಕ್ ನಡುವೆ ಲಂಗರಿಲ್ಲದೆ ನಿಂತೆವು. ಕೆಳಗೆ ನಾಲ್ಕು ಕಿಲೋಮೀಟರಿಗೆ ತುಸು ಕಡಿಮೆ ಆಳದಲ್ಲಿ ಟೈಟಾನಿಕ್ ಬಿದ್ದಿತ್ತು. ನಮ್ಮ ಹಡಗಿನ ಎರಡು ಪುಟ್ಟ ಜಲಾಂತರ್ಗಾಮಿಗಳಲ್ಲಿ ಇಳಿದು ಅದನ್ನು ಚಿತ್ರಿಸಲು ಕೆನಡಾದವರು ಬಂದಿದ್ದರು. ಅವರ ಕ್ಯಾಮೆರಾ ನಮ್ಮ ಬಟ್ಟೆ ಒಗೆಯುವ ಯಂತ್ರದಷ್ಟು ದಪ್ಪ. ಈ ಚಿತ್ರವನ್ನು ಆರಂತಸ್ತು ಎತ್ತರದ ಪರದೆಯ ಮೇಲೆ ತೋರಿಸುತ್ತಾರಂತೆ ಎಂದು ನಾನು ಹೇಳಿದರೆ ಫಾಯಿನಾ ನಂಬಲಿಲ್ಲ.

"ಆರಂತಸ್ತಾ? ಅಷ್ಟು ಎತ್ತರದ ಗೋಡೆ ಸಿಕ್ಕಿದ್ರೆ ನಾವು ಮನೆ ಕಟ್ತಿದ್ವಿ ಕಣೇ!"

ಒಂದು ದಿನ ಜಲಾಂತರ್ಗಾಮಿಗಳು ಕೆಳಗಿದ್ದಾಗ ಕ್ಯಾಮೆರಾದವನೊಬ್ಬ ಹಡಗಿನ ದಿನಚರಿ ಹಿಡಿಯುತ್ತೇನೆಂದು ಅಡುಗೆಮನೆಗೆ ನುಗ್ಗಿದ. ಫಾಯಿನಾ ಎಂಬತ್ತು ಮಂದಿಯ ಸಾರಿಗೆ ಈರುಳ್ಳಿ ಹೆಚ್ಚುತ್ತಿದ್ದಳು. ಕಣ್ಣಲ್ಲಿ ಧಾರಾಕಾರ ನೀರು. ಅವನು ಹತ್ತಿರ ಬಂದು ಮುಖವನ್ನಷ್ಟೇ ಹಿಡಿದ. ಅವಳು ಒದ್ದೆ ಕಣ್ಣೆತ್ತಿ, ದುಂಡು ಕಿಟಕಿಯಾಚೆಯ ನೀರನ್ನು ನೋಡಿ, ಮೂಗು ಸೇದಿದಳು. ಅಷ್ಟೇ.

ಆಗಸ್ಟಿನಲ್ಲಿ ಊರಿಗೆ ಮರಳಿದ ಮೇಲೆ ದೇಶವೇ ಕಾಲ ಕೆಳಗಿನಿಂದ ಜಾರಿತು. ಬಾವುಟ ಬದಲಾಯಿತು, ಹಾಡು ಬದಲಾಯಿತು. ನಮ್ಮ ಕೈಯಲ್ಲಿದ್ದ ನಾವಿಕರ ಗುರುತಿನ ಪುಸ್ತಕ ಮಾತ್ರ ಹಳೆಯ ದೇಶದ್ದೇ. ತೊಂಬತ್ತೈದರಲ್ಲಿ ಬೇರೊಂದು ಕೆಲಸಕ್ಕೆ ಹ್ಯಾಲಿಫ್ಯಾಕ್ಸ್ ಬಂದರಿಗೆ ಹೋದಾಗ ಅಲ್ಲಿನ ಅಧಿಕಾರಿ ಫಾಯಿನಾಳ ಪುಸ್ತಕ ತಿರುಗಿಸಿ ತಿರುಗಿಸಿ ನೋಡಿ, "ಈ ದೇಶ ಎಲ್ಲಿದೆ?" ಎಂದ. ನಾನು ಅನುವಾದಿಸಿದೆ.

"ನಂಗೇನು ಗೊತ್ತು? ಹೊರಡುವಾಗ ಇತ್ತು ಅನ್ನು" ಅಂದಳು.

ಆ ಊರಿನ ದೊಡ್ಡ ಪರದೆಯ ಚಿತ್ರಮಂದಿರದಲ್ಲಿ ನಮ್ಮ ಚಿತ್ರ ಓಡುತ್ತಿತ್ತು. ಹಡಗಿನವರಿಗೆಲ್ಲ ಕರೆ ಬಂತು. ಮಧ್ಯಾಹ್ನದ ಆಟ. ಕತ್ತು ಹಿಂದಕ್ಕೆ ವಾಲಿಸಿ ಕೂತರೂ ಪರದೆಯ ಅಂಚು ಸಿಗಲಿಲ್ಲ. ಟೈಟಾನಿಕ್‌ನ ತುಕ್ಕು ಹಿಡಿದ ಮೂತಿ ಕತ್ತಲಿಂದ ನಮ್ಮ ಮೇಲೇ ಬಂದಾಗ ಯಂತ್ರದ ಕೋಣೆಯ ಗಂಡಸರೂ ಕುರ್ಚಿಯ ಕೈ ಹಿಡಿದುಕೊಂಡರು. ಆಮೇಲೆ ಸಮುದ್ರದ ತಳದ ಕೆಸರಲ್ಲಿ ಒಂದು ಜೊತೆ ಬೂಟು ಕಂಡಿತು. ಕಾಲಿಲ್ಲ, ಮೂಳೆಯಿಲ್ಲ. ಪಕ್ಕಪಕ್ಕದಲ್ಲಿ ಬೂಟು ಮಾತ್ರ. ಅದರ ಬೆನ್ನಿಗೇ, ಆರಂತಸ್ತು ಎತ್ತರಕ್ಕೆ, ಫಾಯಿನಾಳ ಮುಖ! ಕಣ್ಣೀರಿನ ಒಂದೊಂದು ಹನಿ ನಮ್ಮ ಸಾರಿನ ಕೊಳಗದಷ್ಟು. ಅವಳು ನಿಧಾನವಾಗಿ ಕಣ್ಣೆತ್ತಿ ಕಿಟಕಿಯಾಚೆ ನೋಡಿದಳು. ಪಿಟೀಲು ನುಡಿಯಿತು. ಚಾಕುವೂ ಇಲ್ಲ, ಈರುಳ್ಳಿಯೂ ಇಲ್ಲ.

ಪಕ್ಕದಲ್ಲಿದ್ದ ಫಾಯಿನಾ ನನ್ನ ಮೊಣಕೈ ಹಿಂಡಿದಳು. "ಲೇ ಆಲ್ಯಾ, ಯಾಕೆ ಅಳ್ತಿದೀನೇ ನಾನು?"

"ಸುಮ್ನಿರು."

"ಅಲ್ವೇ, ಯಾರಿಗೆ ಅಳ್ತಿದೀನಿ?"

ಹೊರಗಿನ ಹಜಾರದಲ್ಲಿ ಬಿಳಿ ಕೂದಲ ಮುದುಕಿಯೊಬ್ಬಳು ನಮ್ಮನ್ನು ತಡೆದಳು. ಹೆಸರು ವಿನಿಫ್ರೆಡ್ ಝ್ವಿಕರ್. ಎಂಬತ್ತು ವಯಸ್ಸು. ಅವಳ ಸೋದರಮಾವ ಟೈಟಾನಿಕ್‌ನ ತಳದಲ್ಲಿ ಕುಲುಮೆಗೆ ಕಲ್ಲಿದ್ದಲು ಎಸೆಯುತ್ತಿದ್ದವನು. ಅವಳು ಹುಟ್ಟುವ ಮೊದಲೇ ಹಡಗಿನೊಂದಿಗೆ ಹೋದ, ಹೆಣದ ಗುರುತು ಸಿಗಲಿಲ್ಲ. ವಾರಕ್ಕೊಮ್ಮೆ ಬಂದು ಈ ಚಿತ್ರ ನೋಡುತ್ತಾಳಂತೆ. ಫಾಯಿನಾಳ ಎರಡೂ ಕೈ ಹಿಡಿದು, "ಎಲ್ಲರೂ ಹಡಗಿನ ಬಗ್ಗೆ ಮಾತಾಡ್ತಾರೆ. ನನ್ನ ಮಾವನಿಗಾಗಿ ಅತ್ತವಳು ನೀನೊಬ್ಬಳೇ" ಅಂದಳು. ನಾನು ಅದನ್ನು ನಮ್ಮ ಭಾಷೆಯಲ್ಲಿ ಹೇಳಿದೆ.

ಫಾಯಿನಾ ಕೆಂಪಾದಳು. "ಅಯ್ಯೋ, ಅದು ಈರುಳ್ಳಿ ಅಂತ ಹೇಳೇ ಅವರಿಗೆ."

ಆ ಮುದುಕಿಯ ಕಣ್ಣು ನನ್ನ ಬಾಯನ್ನೇ ನೋಡುತ್ತಿತ್ತು. ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. "ಇವಳಿಗೆ ಮಾತೇ ಹೊರಡ್ತಿಲ್ಲವಂತೆ" ಎಂದು ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ. ವಿನಿಫ್ರೆಡ್ ಫಾಯಿನಾಳನ್ನು ಬಿಗಿಯಾಗಿ ಅಪ್ಪಿಕೊಂಡಳು.

ಅವಳ ಭುಜದ ಮೇಲಿಂದ ಫಾಯಿನಾ ನನ್ನತ್ತ ಕಣ್ಣು ಪಿಳಿಪಿಳಿ ಬಿಟ್ಟಳು. "ಈರುಳ್ಳಿ ಅಂದ್ರೂ ತಬ್ಬಿಕೊಳ್ತಾರಲ್ಲೇ! ಈ ದೇಶದಲ್ಲಿ ಈರುಳ್ಳಿಗೆ ಇಷ್ಟೊಂದು ಮರ್ಯಾದೇನಾ?"

ಮರುದಿನ ವಿನಿಫ್ರೆಡ್ ತನ್ನ ಕಾರಿನಲ್ಲಿ ನಮ್ಮನ್ನು ಸ್ಮಶಾನಕ್ಕೆ ಕರೆದೊಯ್ದಳು. ಆ ಹಡಗಿನವರ ಹೆಣಗಳನ್ನು ಸಮುದ್ರದಿಂದೆತ್ತಿ ತಂದು ಹೂಳಿದ ಜಾಗ. ಇಳಿಜಾರಿನಲ್ಲಿ ಸಾಲು ಸಾಲು ಬೂದು ಕಲ್ಲು. ಹಲವದರ ಮೇಲೆ ಹೆಸರಿಲ್ಲ, ತಾರೀಕು ಮತ್ತು ಒಂದು ಸಂಖ್ಯೆ. ಯಾವುದಾದರೊಂದರಲ್ಲಿ ಮಾವ ಇರಬಹುದು ಎಂದು ವಿನಿಫ್ರೆಡ್ ಹೆಸರಿಲ್ಲದ ಎಲ್ಲ ಕಲ್ಲಿಗೂ ಹೂವಿಡುತ್ತಿದ್ದಳು. ಫಾಯಿನಾ ಕೋಟಿನ ತೋಳು ಮೇಲೆತ್ತಿ ಮಂಡಿಯೂರಿ, ಕಲ್ಲುಗಳ ಬುಡದ ಕಳೆ ಕೀಳತೊಡಗಿದಳು. ಒಂದು ಸಾಲು ಮುಗಿಸಿ ಇನ್ನೊಂದಕ್ಕೆ ಹೋದಳು.

ಹಡಗಿಗೆ ಮರಳುವಾಗ ಕೇಳಿದಳು, "ನಮ್ಮೂರಲ್ಲಿ ಯುದ್ಧಕ್ಕೆ ಮುಂಚೆ ಇದ್ದ ಜರ್ಮನ್ನರ ಗೋರಿಕಲ್ಲು ಕಿತ್ತು ರಸ್ತೆಗೆ ಹಾಕಿದ್ರಲ್ಲ, ಆ ಕಲ್ಲಿನ ಮೇಲೆ ನಾವು ಕುಂಟಾಬಿಲ್ಲೆ ಆಡ್ತಿದ್ವಿ. ಅವರಿಗೆ ಯಾರಾದ್ರೂ ಅತ್ತಿರ್ತಾರಾ?"

ನನಗೆ ನನ್ನ ಸುಳ್ಳೇ ನೆನಪಾಯಿತು. ಹೇಳಿಬಿಟ್ಟೆ, ಈರುಳ್ಳಿಯ ವಿಷಯ ಮುದುಕಿಗೆ ತಲುಪೇ ಇಲ್ಲ ಎಂದು.

ಫಾಯಿನಾ ಬೆಂಕಿಯಾದಳು. "ಥೂ ನಿನ್ನ! ಸತ್ತೋರ ಮುಂದೆ ನನ್ನನ್ನ ಕಳ್ಳಿ ಮಾಡಿದ್ಯಲ್ಲೇ!" ಮೂರು ವಾರ ನನ್ನ ತಟ್ಟೆಗೆ ಸಾರು ಬಡಿಸುವಾಗ ಮುಖ ಆ ಕಡೆ. ಊರು ಮುಟ್ಟಿದ ಮೇಲೆ ತಾನೇ ಕಾಗದ, ಪೆನ್ನು ಹಿಡಿದು ನನ್ನ ಮನೆಗೆ ಬಂದಳು. "ಬರಿ. ನಾನು ಅಳಲಿಲ್ಲ ಅಂತ ಬರಿ. ಒಂದಕ್ಷರ ಆಚೀಚೆ ಆದ್ರೆ ನೋಡು."

ಬರೆದೆ. ಈ ಸಲ ಒಂದಕ್ಷರವನ್ನೂ ಬದಲಿಸಲಿಲ್ಲ.

ಎರಡು ತಿಂಗಳಿಗೆ ಉತ್ತರ ಬಂತು. ನಾಲ್ಕು ಪುಟ. ತನ್ನ ಬೆಕ್ಕಿಗೆ ಕಣ್ಣು ಮಂಜಾದದ್ದು, ಚರ್ಚಿನ ಮಾಡು ಸೋರಿದ್ದು, ಈ ವರ್ಷದ ಹಿಮ. ಕೊನೆಗೆ, 'ನೀನು ಕಳೆ ಕಿತ್ತ ಜಾಗ ಇನ್ನೂ ಚೊಕ್ಕಟವಾಗಿದೆ.' ಈರುಳ್ಳಿಯ ಸುದ್ದಿಯೇ ಇಲ್ಲ.

"ಇನ್ನೊಂದ್ಸಲ ಓದು."

ಓದಿದೆ.

"ಕೋಪಾನಾ? ಕ್ಷಮಿಸಿದಾಳಾ? ಅಥವಾ ಈರುಳ್ಳಿ ವಿಷಯ ಬರೆದ ಹಾಳೆನೇ ಲಕೋಟೆಯಿಂದ ಉದುರಿಹೋಯ್ತಾ?"

"ನಂಗೂ ತಿಳೀತಿಲ್ಲ ಫಾಯಿನಾ."

"ಕೇಳೋಣ್ವಾ?" ಅಂದಳು. ಆಮೇಲೆ ತಾನೇ, "ಬೇಡ. ಬೆಕ್ಕು ಹೇಗಿದೆ ಕೇಳು" ಅಂದಳು.

ಹಾಗೆ ಆರು ವರ್ಷ ಪತ್ರ ನಡೆಯಿತು. ಇಬ್ಬರೂ ಆ ಮಾತೆತ್ತಲಿಲ್ಲ. ವಿನಿಫ್ರೆಡ್ ತೀರಿಕೊಂಡ ಸುದ್ದಿಯನ್ನು ಅವಳ ತಮ್ಮನ ಮಗಳು ಬರೆದಳು. 'ನನ್ನ ಮಾವನಿಗಾಗಿ ಅತ್ತ ರಷ್ಯಾದ ಹೆಂಗಸು' ಎಂದು ವಿನಿಫ್ರೆಡ್ ಕೊನೆಯವರೆಗೂ ಫಾಯಿನಾಳ ವಿಷಯ ಎಲ್ಲರಿಗೂ ಹೇಳುತ್ತಿದ್ದಳಂತೆ.

ಅಷ್ಟರಲ್ಲಿ ಫಾಯಿನಾ ಹಡಗು ಬಿಟ್ಟು ಒಂದು ಆಸ್ಪತ್ರೆಯ ಅಡುಗೆಮನೆ ಸೇರಿದ್ದಳು. ನಾನು ಪತ್ರ ಓದಿ ಮುಗಿಸಿದಾಗ ಏಪ್ರನ್ ಬಿಚ್ಚಿ ಸ್ಟೂಲಿನ ಮೇಲೆ ಕೂತಳು.

"ಸತ್ಯ ಬರೆದು ಕಳಿಸಿದ್ವಲ್ಲೇ?"

"ಕಳಿಸಿದ್ವಿ."

"ಓದಿದ್ಲು ಅಂತೀಯಾ?"

"ಓದಿರಬೇಕು."

"ಹಾಗಾದ್ರೆ ನಾನು ಅತ್ತಿದ್ನಾ, ಇಲ್ವಾ?"

ಒಲೆಯ ಮೇಲೆ ರೋಗಿಗಳ ಗಂಜಿ ಉಕ್ಕಿತು. ಎದ್ದು ಉರಿ ತಗ್ಗಿಸಿದಳು. ಆ ಭಾನುವಾರ ಚರ್ಚಿಗೆ ಹೋಗಿ, ಸತ್ತವರ ಪ್ರಾರ್ಥನೆಗೆ ಕೊಡುವ ಚೀಟಿಯಲ್ಲಿ ವಿನಿಫ್ರೆಡ್ ಎಂದು ಬರೆದಳು. ಅದರ ಕೆಳಗೆ ಆ ಸೋದರಮಾವನ ಹೆಸರು ಬರೆಯಹೋಗಿ ಪೆನ್ನು ಎತ್ತಿ ಹಿಡಿದು ನನ್ನ ಮುಖ ನೋಡಿದಳು. ಅಷ್ಟು ವರ್ಷದಲ್ಲಿ ನಾವಿಬ್ಬರೂ ಅವನ ಹೆಸರನ್ನೇ ಕೇಳಿರಲಿಲ್ಲ.