ಮಾತಾಡಿಸಲು ಜನರಿಲ್ಲದ ಆಟ

ಸೋಮನಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಮಹದೇವಸ್ವಾಮಿಗೆ ಕಂಪ್ಯೂಟರ್ ಆಟದ ಹುಚ್ಚು. ಮದುವೆಯಾದ ಹೊಸತರಲ್ಲಿ ಹೆಂಡತಿ ಬಿಂದುಶ್ರೀಗೂ ಅದನ್ನು ಹತ್ತಿಸಿದ. ಅವರು ಆಡುತ್ತಿದ್ದ ಆಟದಲ್ಲಿ ಪ್ರಳಯವಾಗಿ ಲೋಕವೆಲ್ಲ ಹಾಳುಬಿದ್ದಿತ್ತು. ಬದುಕುಳಿದವರು ಅಲ್ಲಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಅವನಿಗೆ ಬಂದೂಕಿನ ಮೇಲೆ ಕಣ್ಣು. ಅವಳಿಗೆ ಆಟದೊಳಗಿನ ಜನ ಮಾತಿಗೆ ಸಿಕ್ಕರೆ ಸಾಕು. "ಆ ಅಜ್ಜೀನ ಮಾತಾಡಿಸ್ದೆ ಓಗ್‌ಬ್ಯಾಡಿ ಕಣ್ರೀ," ಎಂದು ಅವನ ಕೈ ಹಿಡಿದು ನಿಲ್ಲಿಸುತ್ತಿದ್ದಳು.

ಆಟದ ಎರಡನೇ ಭಾಗ ಬರುತ್ತದೆಂದು ಇಬ್ಬರೂ ಕಾದಿದ್ದರು. ಅಷ್ಟರಲ್ಲಿ ಕಾಮಾಲೆಯಾಗಿ ಬಿಂದುಶ್ರೀ ತೀರಿಕೊಂಡಳು.

ಈ ವರ್ಷ ಆಟ ಬಂತು. ಒಂದು ಭಾನುವಾರ ಮಹದೇವಸ್ವಾಮಿ ಬಾಗಿಲು ಮುಂದೆ ಮಾಡಿಕೊಂಡು ಕೂತ. ಲೋಕ ಮೊದಲಿಗಿಂತ ದೊಡ್ಡದಾಗಿತ್ತು. ಬೆಟ್ಟ, ಹೊಳೆ, ಕುಸಿದ ಹೆದ್ದಾರಿ ಎಲ್ಲವೂ ನಿಜದಂತೆಯೇ ಇದ್ದವು. ಆದರೆ ಯಾವ ಮನೆ ಹೊಕ್ಕರೂ ಒಂದು ನರಪಿಳ್ಳೆಯೂ ಇರಲಿಲ್ಲ. ಸತ್ತವರು ರೆಕಾರ್ಡು ಮಾಡಿಟ್ಟು ಹೋದ ದನಿಗಳಷ್ಟೇ ಕೇಳುತ್ತಿದ್ದವು. ಮುಂದಿನ ಊರಲ್ಲಾದರೂ ಯಾರಾದರೂ ಇದ್ದಾರೇನೋ ಎಂದು ಅವನು ಸಂಜೆಯವರೆಗೂ ಅಲೆದ.

ಕಾಫಿ ತಂದ ತಾಯಿ ರೇವಮ್ಮ, "ಯಾಕ್ಲಾ ಮಗ, ಅಳ್ತಿದ್ದೀಯಾ?" ಎಂದಳು.

"ಈ ಆಟ ಚಂದಾಗಿಲ್ಲ ಕಣವ್ವ. ಮಾತಾಡ್ಸಕ್ಕೆ ಒಬ್ರೂ ಇಲ್ಲ."

"ಆಟ ತಾನೆ, ಬುಡು," ಎಂದ ರೇವಮ್ಮ ಅವನ ಮುಖ ನೋಡಿದಳು. ಲೋಟ ಕೆಳಗಿಟ್ಟು ಪಕ್ಕದಲ್ಲೇ ಕೂತು ಮೆಲ್ಲಗೆ ಕೇಳಿದಳು: "ಬಿಂದು ಇದ್ರಲ್ಲಿ ಏನ್ಮಾಡ್ತಿದ್ಲು?"

ಅವನು ಕಂಪ್ಯೂಟರ್ ಆರಿಸಿದ. ಆಮೇಲೆ ಆ ಆಟವನ್ನು ಮತ್ತೆ ತೆರೆಯಲಿಲ್ಲ.