ಆಂಟಿಗಾ ನೋಡಿ ಬಂದ ಕಾಸಿಂ ಕುಂಞಿ

ಕುವೈತಿನಲ್ಲಿ ದುಡಿಯುವ ಕರಾವಳಿಯವರಲ್ಲಿ ವೆಸ್ಟ್ ಇಂಡೀಸಿನ ಆಂಟಿಗಾ ದ್ವೀಪವನ್ನು ಕಣ್ಣಾರೆ ಕಂಡವನು ಬಹುಶಃ ಕಾಸಿಂ ಕುಂಞಿ ಒಬ್ಬನೇ. ಹನ್ನೆರಡು ದಿನ ಇದ್ದು ಬಂದ. ಹೇಗಿದೆ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ ಕೊಟ್ಟ: "ನಮ್ಮ ಬೆಂಗರೆಗೆ ಪೇಂಟ್ ಹೊಡೆದು ಟಿಕೆಟ್ ಇಟ್ಟಿದ್ದಾರೆ. ಅಷ್ಟೇ."

ಅವನು ತೀರಿಕೊಂಡ ಮೇಲೆ ಕುವೈತಿನ ಫರ್ವಾನಿಯಾದ ಒಂದು ಹಾಲ್‌ನಲ್ಲಿ ಸಂತಾಪ ಸಭೆ ನಡೆಯಿತು. ಅವನ ಜೊತೆ ಒಂದು ಲೋಟ ಸುಲೈಮಾನಿ ಚಹಾವನ್ನೂ ಕುಡಿಯದ ಸೂಟಿನವರೊಬ್ಬರು ಮೈಕ್ ಹಿಡಿದು, ದಿವಂಗತರು ದೇಶ ಸುತ್ತಿ ಕೋಶ ಓದಿದ ಮಹಾನ್ ಪ್ರವಾಸಿಗಳಾಗಿದ್ದರು ಎಂದರು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಕೋಶವಂತೆ! ಅವನು ಹೋಗಿದ್ದು ಯಜಮಾನನ ಹಡಗಿನ ಸೋರುವ ಸಂದಿ ಮುಚ್ಚಲು. ಕಾಸಿಂ ಇದ್ದಿದ್ದರೆ ಆ ಮಾತಿಗೆ ಬಾಲ್ಕನಿಗೆ ಹೋಗಿ ಉಗುಳಿ ಬರುತ್ತಿದ್ದ. ಬಿರಿಯಾನಿಯ ಪಾತ್ರೆಗಳು ಬಂದದ್ದೇ ಸಭೆಯ ದುಃಖ ಬೇಗಬೇಗ ಮುಗಿಯಿತು.

ಮಂಗಳೂರಿನ ಹಳೆ ಬಂದರಿನ ಆಚೆ ದಡದ ಬೆಂಗರೆಯಲ್ಲಿ ಅವನು ಹುಟ್ಟಿದ್ದು. ತಂದೆ, ಅಜ್ಜ ಎಲ್ಲ ಮಂಜಿಯ ಕೆಲಸದವರು. ಸರಕು ಹೊರುವ ಮರದ ಹಡಗಿಗೆ ಅಲ್ಲಿ ಮಂಜಿ ಎನ್ನುತ್ತಾರೆ. ಹಲಗೆ ಹಲಗೆಯ ನಡುವಿನ ಸಂದಿಗೆ ಎಣ್ಣೆಯಲ್ಲಿ ನೆನೆಸಿದ ಹತ್ತಿಯ ಹುರಿ ತುರುಕಿ, ಉಳಿಯಿಟ್ಟು ಬಡಿದು, ನೀರು ನುಗ್ಗದಂತೆ ಮಾಡುವುದು ಅವರ ವಿದ್ಯೆ. ಕಬ್ಬಿಣದ ಹಡಗು ಬಂದ ಮೇಲೆ ಆ ವಿದ್ಯೆಗೆ ಊರಿನಲ್ಲಿ ಅನ್ನ ಹುಟ್ಟದಾಯಿತು. ಕೊಲ್ಲಿ ಯುದ್ಧ ಮುಗಿದು ಎರಡು ವರ್ಷಕ್ಕೆ, ತೊಂಬತ್ಮೂರರಲ್ಲಿ, ಕಾಸಿಂ ಕುವೈತಿಗೆ ಬಂದ. ಅವನ ಕಫೀಲ್, ಎಂದರೆ ವೀಸಾ ಕೊಟ್ಟ ಯಜಮಾನ, ಅಬು ಮಿಶಾರಿ ದೊಡ್ಡ ವ್ಯಾಪಾರಿ. ಅಜ್ಜನ ಕಾಲದ ಮರದ ಹಡಗೊಂದನ್ನು ಶರ್ಕ್ ಬಂದರಿನಲ್ಲಿ ನೆನಪಿಗೆಂದು ಕಟ್ಟಿ ಇಟ್ಟಿದ್ದ. ಅದು ಮುಳುಗದಂತೆ ನೋಡಿಕೊಳ್ಳುವುದು ಕಾಸಿಮನ ಕೆಲಸ. ಬಂದ ದಿನವೇ ಪಾಸ್‌ಪೋರ್ಟು ಆಫೀಸಿನ ಕಬ್ಬಿಣದ ಪೆಟ್ಟಿಗೆ ಸೇರಿತು. ಎಲ್ಲರದ್ದೂ ಹಾಗೆಯೇ ಸೇರುತ್ತಿತ್ತು. ರಜೆಗೆ ಹೋಗುವಾಗ ವಿಮಾನ ನಿಲ್ದಾಣದಲ್ಲಿ ಕೈಗೆ ಬರುತ್ತಿತ್ತು, ತಿರುಗಿ ಬಂದಾಗ ನಿಲ್ದಾಣದಲ್ಲೇ ಕೈಬಿಡುತ್ತಿತ್ತು. ಎಂಟು ವರ್ಷ ಅವನಿಗೆ ಅದೊಂದು ದೊಡ್ಡ ಸಂಗತಿ ಎನಿಸಿರಲಿಲ್ಲ.

೨೦೦೧ರ ಜುಲೈನಲ್ಲಿ ಊರಿನಲ್ಲಿ ಅವನ ಉಮ್ಮ, ಹೆತ್ತ ತಾಯಿ, ಹಾಸಿಗೆ ಹಿಡಿದಳು. ಹೆಂಡತಿ ಆಸಿಯಮ್ಮ ಫೋನು ಮಾಡಿ, "ನಿಮ್ಮ ಹೆಸರು ಹಿಡಿದು ಕರೆಯುತ್ತಾ ಇದ್ದಾರೆ, ಬೇಗ ಬನ್ನಿ" ಎಂದಳು. ಅಬು ಮಿಶಾರಿ ಕುಟುಂಬ ಸಮೇತ ಲಂಡನಿನಲ್ಲಿ ಬೇಸಿಗೆ ಕಳೆಯುತ್ತಿದ್ದ. ಪೆಟ್ಟಿಗೆಯ ಬೀಗದ ಕೈ ಅವನ ಕಿಸೆಯಲ್ಲಿತ್ತು. ಕಂಪೆನಿಯ ಕಾಗದಪತ್ರಕ್ಕೆ ಸರಕಾರಿ ಕಚೇರಿಗಳನ್ನು ಸುತ್ತುವ ಈಜಿಪ್ಟಿನ ಮಂದೂಬ್ ಭುಜ ಹಾರಿಸಿದ. "ಸೆಪ್ಟೆಂಬರ್ ತನಕ ತಡಿ. ಸಬರ್, ಕಾಸಿಂ." ಉಮ್ಮ ಸೆಪ್ಟೆಂಬರ್ ತನಕ ತಡೆಯಲಿಲ್ಲ. ಒಂಬತ್ತನೇ ದಿನಕ್ಕೆ ಹೋದಳು. ಅಬು ಮಿಶಾರಿ ಮರಳಿ ಬಂದು, ನಿಜವಾಗಿಯೂ ನೊಂದುಕೊಂಡು, ಅವನ ಭುಜ ತಟ್ಟಿ ಒಂದು ಡಬ್ಬಿ ಖರ್ಜೂರ ಕೊಟ್ಟ.

ಆ ಖರ್ಜೂರವನ್ನು ಕಾಸಿಂ ಬಂದರಿನ ಬೆಕ್ಕುಗಳ ಮುಂದೆ ಸುರಿದ. ಬೆಕ್ಕುಗಳೂ ಮೂಸಿ ನೋಡಲಿಲ್ಲ. ಆ ಮೇಲೆ ಅವನು ರಜೆಯನ್ನೇ ಕೇಳಲಿಲ್ಲ. ಹವಲ್ಲಿಯಲ್ಲಿ ಮೊಬೈಲ್ ಅಂಗಡಿಯಲ್ಲಿದ್ದ ಗೆಳೆಯ ಲ್ಯಾನ್ಸಿಯ ಮನೆಗೆ ಪ್ರತಿ ಶುಕ್ರವಾರ ನಮಾಜು ಮುಗಿಸಿ ಬರುವವನು, ಒಂದು ದಿನ ಊಟದ ಬಟ್ಟಲಿನ ಮುಂದೆ ಕೂತು ಹೇಳಿದ:

"ಪೊರ್ಬುಗಳೇ, ಇನ್ನೊಮ್ಮೆ ಪಾಸ್‌ಪೋರ್ಟು ನನ್ನ ಕೈಗೆ ಬಂದರೆ ಆ ಪೆಟ್ಟಿಗೆಗೆ ಹೋಗುವುದಿಲ್ಲ. ಬರೆದಿಟ್ಟುಕೊಳ್ಳಿ."

"ರಜೆ ಕೇಳದೆ ಕೈಗೆ ಹೇಗೆ ಬರುವುದು ಬ್ಯಾರಿಗಳೇ? ಹಾರಿಕೊಂಡಾ?"

"ಅವನಾಗಿ ಕೊಡಬೇಕು. ನಾನು ಕೇಳುವುದಿಲ್ಲ."

ಕರಾವಳಿಯಲ್ಲಿ ಕ್ರಿಶ್ಚಿಯನ್ನರಿಗೆ ಪೊರ್ಬು, ಮುಸಲ್ಮಾನರಿಗೆ ಬ್ಯಾರಿ ಎನ್ನುವುದು ರೂಢಿ. ಹಟಕ್ಕೆ ತರ್ಕ ಇರುವುದಿಲ್ಲ. ಆದರೆ ನಾಲ್ಕು ವರ್ಷಕ್ಕೆ ಅದು ಫಲಿಸಿತು. ಅಬು ಮಿಶಾರಿಗೆ ಹಣ ಹೆಚ್ಚಾಗಿ, ಆಂಟಿಗಾದ ಬಂದರಿನಲ್ಲಿ ನಿಂತಿದ್ದ ಹಳೆಯ ಮರದ ವಿಹಾರ ನೌಕೆಯೊಂದನ್ನು ಕೊಂಡ. ಏಪ್ರಿಲಿನಲ್ಲಿ ಅಲ್ಲಿ ಇಂಥ ಹಳೆ ನೌಕೆಗಳ ಪಂದ್ಯವಿತ್ತು. ನೌಕೆ ನೋಡಿದರೆ ಜರಡಿಯಂತೆ ಸೋರುತ್ತಿತ್ತು. ಅಲ್ಲಿಯ ರಿಪೇರಿಯವರು ಎರಡು ತಿಂಗಳು ಎಂದರು. "ನನ್ನ ಗಲ್ಲಾಫ್ ಒಂದು ವಾರದಲ್ಲಿ ಮುಗಿಸುತ್ತಾನೆ" ಎಂದು ಅಬು ಮಿಶಾರಿ ಪಂಥ ಕಟ್ಟಿದ. ಹಡಗು ಕಟ್ಟುವವನಿಗೆ ಅರಬರು ಹೇಳುವ ಹೆಸರು ಗಲ್ಲಾಫ್.

ಹೊರಡುವ ಮುಂಚಿನ ಶುಕ್ರವಾರ ಲ್ಯಾನ್ಸಿಯ ಹೆಂಡತಿ ಸಿಸಿಲಿಯಾ ಅವನ ಬನಿಯನ್ನಿನ ಒಳಗೆ ಪಾಸ್‌ಪೋರ್ಟು ಇಡಲು ಗುಂಡಿಯಿರುವ ಜೇಬು ಹೊಲಿದಳು.

"ಇಷ್ಟು ಭದ್ರ ಹೊಲಿದರೆ ತೆಗೆಯುವುದು ಹೇಗೆ ಬಾಯಮ್ಮ?"

"ತೆಗೆಯಲಿಕ್ಕೆ ಅಲ್ಲ ಕಾಸಿಮಾಕ, ಇಡಲಿಕ್ಕೆ."

ಲ್ಯಾನ್ಸಿ ಒಂದು ಚೀಟಿಯಲ್ಲಿ ಕನ್ನಡ ಅಕ್ಷರದಲ್ಲಿ ಅರಬ್ಬಿ ಬರೆದುಕೊಟ್ಟ: 'ಅಲ್‌ಜವಾಜ್ ಇಂದಿ.' ಪಾಸ್‌ಪೋರ್ಟು ನನ್ನ ಹತ್ತಿರ ಇದೆ. ತಿರುಗಿ ಬಂದಾಗ ಯಾರು ಕೈ ಚಾಚಿದರೂ ಇಷ್ಟೇ ಹೇಳಿ ನಡೆದುಬಿಡಬೇಕು. ಕಾಸಿಮನಿಗೆ ಅರಬ್ಬಿ ಚೆನ್ನಾಗಿಯೇ ಬರುತ್ತಿತ್ತು. ಬಾರದೇ ಇದ್ದದ್ದು ಈ ಒಂದು ವಾಕ್ಯ.

ನಿಲ್ದಾಣದಲ್ಲಿ ಕೈಗೆ ಬಂದ ಪಾಸ್‌ಪೋರ್ಟು ಆ ಜೇಬು ಸೇರಿತು. ಲಂಡನಿನಲ್ಲಿ ವಿಮಾನ ಬದಲಿಸಿ ಕಾಸಿಂ, ಅಬು ಮಿಶಾರಿ ಇಬ್ಬರೂ ಆಂಟಿಗಾ ಮುಟ್ಟಿದರು. ನಾಲ್ಕೂವರೆ ದಿನದಲ್ಲಿ ಕಾಸಿಂ ಕೆಲಸ ಮುಗಿಸಿದ. ಕೊಡತಿಯಿಂದ ಹಲಗೆ ತಟ್ಟುತ್ತಾ ಕಿವಿಯಿಟ್ಟು ಕೇಳಿ, ಎಲ್ಲಿ ದನಿ ಒದ್ದೆಯೋ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿದ. ಸಂದಿಯಲ್ಲಿ ಯಾರೋ ರಬ್ಬರಿನಂಥ ಅಂಟು ಮೆತ್ತಿದ್ದರು. "ಚೂಯಿಂಗ್ ಗಮ್ ತಿಂದು ಅಂಟಿಸಿದ್ದಾರೆ, ಹೈವಾನ್‌ಗಳು" ಎಂದು ಬೈಯುತ್ತ ಅದನ್ನೆಲ್ಲ ಕಿತ್ತು ಹತ್ತಿ ತುಂಬಿದ. ಅಬು ಮಿಶಾರಿ ಸಿಕ್ಕಸಿಕ್ಕವರಿಗೆಲ್ಲ, "ನೋಡಿ, ಇವನು ನನ್ನ ಮನುಷ್ಯ" ಎಂದು ಅವನನ್ನು ತೋರಿಸಿ ಫೋಟೋ ತೆಗೆಸಿದ. ಉಳಿದ ದಿನ ಅವನಿಗೆ ಊರು ನೋಡುವ ಅಪ್ಪಣೆಯಾಯಿತು.

ನೋಡಿದ. ನೋಡಿದ್ದರಲ್ಲಿ ಒಂದನ್ನೂ ಬಿಡದೆ ಹಳಿದ.

ಗುಡ್ಡಗಳ ನಡುವೆ ಅಡಗಿದ ಆ ಬಂದರನ್ನು ಇಂಗ್ಲಿಷರ ನೌಕಾಪಡೆ ಇನ್ನೂರೈವತ್ತು ವರ್ಷದ ಹಿಂದೆ ಕಟ್ಟಿಸಿತ್ತು. ಹಾಯಿ ಹೊಲಿಯುತ್ತಿದ್ದ ಕಟ್ಟಡದ ಮಾಡು ಬಿರುಗಾಳಿಗೆ ಹಾರಿ, ದಪ್ಪ ಕಂಬಗಳು ಮಾತ್ರ ಉಳಿದಿದ್ದವು. ಪ್ರವಾಸಿಗಳು ಅವುಗಳ ನಡುವೆ ನಿಂತು ನಗುತ್ತ ಫೋಟೋ ಹೊಡೆಸಿಕೊಳ್ಳುತ್ತಿದ್ದರು. "ಮಾಡು ಹಾರಿದ ಮನೆ ನೋಡಲಿಕ್ಕೆ ಟಿಕೆಟಾ? ಬೆಂಗರೆಗೆ ಆಟಿ ತಿಂಗಳ ಗಾಳಿಮಳೆಯಲ್ಲಿ ಬನ್ನಿ, ಪುಕ್ಕಟೆ ತೋರಿಸುತ್ತೇನೆ." ಸಾಮಾನು ಇಡುವ ಗುದಾಮುಗಳು ಈಗ ಹೋಟೆಲುಗಳು. ದೇಶದಲ್ಲಿ ದಿನಕ್ಕೊಂದರಂತೆ ಮುನ್ನೂರ ಅರುವತ್ತೈದು ಬೀಚ್ ಇವೆ ಎಂದು ಬಸ್ಸಿನ ಹುಡುಗಿ ಹೇಳಿದಾಗ, ಅಷ್ಟು ಬೀಚ್ ಇಟ್ಟುಕೊಂಡು ಒಂದು ಹಿಡಿ ಬಂಗುಡೆ ಒಣಗಿಸಲು ಗೊತ್ತಿಲ್ಲವಲ್ಲ ಎಂದು ಅವನಿಗೆ ಹೇಸಿಗೆಯಾಯಿತು. ಇನ್ನೊಂದು ಕಡೆ ಸೊಂಟದ ಮಟ್ಟದ ನೀರಿನಲ್ಲಿ ಬಿಳಿಯರು ಸಾಲಾಗಿ ನಿಂತು ಚಪ್ಪಟೆ ಮೈಯ, ಚಾಟಿ ಬಾಲದ ತೊರಕೆ ಮೀನಿನ ಬೆನ್ನು ಸವರುತ್ತಿದ್ದರು. ಕೆಲವರು ಅದಕ್ಕೆ ಮುತ್ತು ಕೊಡುತ್ತಿದ್ದರು. ಊರಿನಲ್ಲಿ ಬೇರೆ ಮೀನು ಸಿಗದ ದಿನ ತರುವ ತೊರಕೆ! "ಅದಕ್ಕೆ ಮೆಣಸು ಅರೆದು ಹಾಕಬೇಕು, ಮುತ್ತು ಕೊಡುವುದಲ್ಲ" ಎಂದು ಅವನು ಬ್ಯಾರಿ ಭಾಷೆಯಲ್ಲೇ ಗಟ್ಟಿಯಾಗಿ ಹೇಳಿದ. ಒಬ್ಬ ಮುದುಕಿ, ತನ್ನನ್ನು ಹುರಿದುಂಬಿಸಿದನೆಂದು ತಿಳಿದು ಕೈ ಬೀಸಿದಳು.

ಸಮುದ್ರ ಕೊರೆದು ಮಾಡಿದ ಕಲ್ಲಿನ ಸೇತುವೆ, ಕಬ್ಬು ಅರೆಯುತ್ತಿದ್ದ ಗಾಳಿಗಿರಣಿ, ಭಾನುವಾರ ಸಂಜೆ ಡ್ರಮ್ಮು ಬಾರಿಸುವ ಗುಡ್ಡದ ತುದಿ, ಎಲ್ಲ ಕಡೆ ಅವನ ಒಂದು ಕೈ ಎದೆಯ ಮೇಲೆಯೇ ಇತ್ತು. ಎದೆನೋವಾ ಎಂದು ಅಬು ಮಿಶಾರಿ ಕೇಳಿದ. ಸೆಕೆ ಎಂದ ಕಾಸಿಂ. ಬೆಳಿಗ್ಗೆ ಯಾರೂ ಇಲ್ಲದ ಹೊತ್ತಿಗೆ ಬಂದರಿನ ತುಕ್ಕು ಹಿಡಿದ ಫಿರಂಗಿಗಳ ಮುಂದೆ ನಿಂತು, "ಅಲ್‌ಜವಾಜ್ ಇಂದಿ" ಎಂದು ಅಭ್ಯಾಸ ಮಾಡಿದ. ಫಿರಂಗಿಗಳು ಎದುರು ಮಾತನಾಡಲಿಲ್ಲ. ಧೈರ್ಯ ಬಂತು.

ಒಂದನ್ನು ಮಾತ್ರ ಅವನು ಹಳಿಯಲಿಲ್ಲ. ದಡದಲ್ಲಿ ಹಗ್ಗ ಸುತ್ತುವ ದೊಡ್ಡ ರಾಟೆಗಳಿದ್ದವು. ಹಡಗಿನ ಕಂಬಕ್ಕೆ ಹಗ್ಗ ಕಟ್ಟಿ, ಆ ರಾಟೆಗಳನ್ನು ಮೈಮುರಿದು ತಿರುಗಿಸಿ, ಹಡಗನ್ನು ಪಕ್ಕಕ್ಕೆ ಮಲಗಿಸಿ ಅದರ ತಳ ಕೆರೆಯುತ್ತಿದ್ದರಂತೆ. ಕಾಸಿಂ ಅದರ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತ. ಬಂದರಿನ ಮುದಿ ಬಡಗಿ ಡೆನಿಸ್, ಆ ಊರಿನ ಕರಿಯ, ಹತ್ತಿರ ಬಂದ. ಇಬ್ಬರ ಇಂಗ್ಲಿಷೂ ಬೇರೆ ಬೇರೆ ಊರಿನದು. ಕೆಲಸ ಗೊತ್ತಿದ್ದವರಿಗೆ ಅಷ್ಟು ಸಾಕಾಯಿತು.

"ಇದನ್ನು ತಿರುಗಿಸಿದ್ದು ಯಾರು? ಇಂಗ್ಲಿಷರಾ?"

"ಇಂಗ್ಲಿಷರು ಜ್ವರ ಬಂದು ಸತ್ತರು. ಕಟ್ಟಿದ್ದು, ತಿರುಗಿಸಿದ್ದು ನಮ್ಮ ಹಿರಿಯರು. ಗುಲಾಮರು."

"ಅವರ ಕಾಗದ ಯಾರ ಹತ್ತಿರ ಇತ್ತು?"

ಡೆನಿಸ್ ವಿಚಿತ್ರವಾಗಿ ನೋಡಿದ. "ಕಾಗದದಲ್ಲಿ ಅವರೇ ಇದ್ದರು, ಎತ್ತು ಕತ್ತೆಗಳ ಪಟ್ಟಿಯ ಜೊತೆ. ಅದು ಯಜಮಾನನ ಪೆಟ್ಟಿಗೆಯಲ್ಲಿ ಇರುತ್ತಿತ್ತು."

ಮುಂದೆ ಇದನ್ನು ಹೇಳಿದಾಗ ಲ್ಯಾನ್ಸಿ, ಪುಸ್ತಕ ಓದಿದವನ ದುರಭ್ಯಾಸದಿಂದ, ಅವರಿಗೂ ನಿಮಗೂ ಏನು ವ್ಯತ್ಯಾಸ ಎಂದುಬಿಟ್ಟ. ಕಾಸಿಂ ಸಿಡಿದ. "ಎಂತ ಮಾತಾಡ್ತೀರಿ ಪೊರ್ಬುಗಳೇ? ಅವರನ್ನು ಸಂಕಲೆ ಹಾಕಿ ತಂದದ್ದು. ನಾನು ಏಜೆಂಟನ ಮನೆ ಮೆಟ್ಟಿಲು ಸವೆಸಿ, ಕಾಲು ಹಿಡಿದು ಬಂದವನು. ನಾಚಿಕೆ ಯಾರಿಗೆ ಜಾಸ್ತಿ ಆಗಬೇಕು, ಹೇಳಿ?"

ಕುವೈತಿನ ವಿಮಾನ ನಿಲ್ದಾಣದ ಹೊರಬಾಗಿಲಿನಲ್ಲಿ ಮಂದೂಬ್ ನಿಂತಿದ್ದ. ಸಲಾಂ ಇಲ್ಲ, ಪ್ರಯಾಣ ಹೇಗಾಯಿತು ಎಂಬ ಮಾತಿಲ್ಲ. ಕೈ ಚಾಚಿ, "ಯಲ್ಲಾ, ಜವಾಜ್" ಎಂದ.

ಕಾಸಿಮನ ಬಾಯಿ ತೆರೆಯಿತು. ವಾಕ್ಯ ಬರುವ ಮೊದಲು ಕೈ ಬಂತು. ಅಂಗಿಯೊಳಗೆ ನುಗ್ಗಿ, ಸಿಸಿಲಿಯಾ ಅಷ್ಟು ಭದ್ರವಾಗಿ ಹೊಲಿದ ಗುಂಡಿಯನ್ನು ತಾನೇ ಬಿಚ್ಚಿ, ಪಾಸ್‌ಪೋರ್ಟನ್ನು ತೆಗೆದು ಅವನ ಅಂಗೈ ಮೇಲೆ ಇಟ್ಟಿತು. ಹನ್ನೆರಡು ವರ್ಷದ ಅಭ್ಯಾಸದ ಕೈ. ಎಲ್ಲ ಮುಗಿದ ಮೇಲೆ ವಾಕ್ಯ ನಾಲಗೆಯ ತುದಿಗೆ ಬಂತು. ಮಂದೂಬ್ ಆಗಲೇ ಕಾರಿನ ಹತ್ತಿರ ಇದ್ದ.

"ಆ ತೊರಕೆ ಮೀನು ಇದೆಯಲ್ಲ," ಎಂದ ಕಾಸಿಂ ಆ ಶುಕ್ರವಾರ ಲ್ಯಾನ್ಸಿಯ ಮನೆಯಲ್ಲಿ, ಅನ್ನ ಮುಟ್ಟದೆ. "ಯಾರು ಬಂದು ಬೆನ್ನು ಸವರಿದರೂ ಸುಮ್ಮನೆ ಇರುತ್ತದೆ. ಬಾಲದಲ್ಲಿ ಮುಳ್ಳಿರುವುದು ಆ ಮೀನಿಗೇ ಮರೆತುಹೋಗಿದೆ. ನಾನು ಅದನ್ನು ನೋಡಿ ನಗಾಡಿದೆ."

ಸಿಸಿಲಿಯಾ ಬನಿಯನ್ನು ಕೇಳಿ ಪಡೆದು, ಸಡಿಲವಾದ ಗುಂಡಿಯನ್ನು ಮತ್ತೆ ಹೊಲಿದುಕೊಟ್ಟಳು.

ಮರುವಾರ ಅಬು ಮಿಶಾರಿ ಅವನನ್ನು ತನ್ನ ದಿವಾನಿಯಾಕ್ಕೆ ಕರೆಸಿದ. ಗಂಡಸರು ಸಂಜೆ ಸೇರುವ ಮನೆಯ ಹಜಾರ ಅದು. ಇಪ್ಪತ್ತು ಮಂದಿ ದಿಂಬಿಗೆ ಒರಗಿ ಕೂತಿದ್ದರು. ಆಂಟಿಗಾದ ಫೋಟೋಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ನೌಕೆ ಪಂದ್ಯದಲ್ಲಿ ಕೊನೆಯಿಂದ ಎರಡನೆಯದಾಗಿತ್ತು. ಆದರೂ ಒಂದು ಹನಿ ಸೋರಲಿಲ್ಲ ಎಂಬುದೇ ಅಬು ಮಿಶಾರಿಯ ಹೆಮ್ಮೆ. "ಕಿವಿಯಿಂದ ತೂತು ಹುಡುಕುತ್ತಾನೆ ಇವನು!" ಎಂದು ಕಾಸಿಮನನ್ನು ನಡುವೆ ನಿಲ್ಲಿಸಿದ. ಒಬ್ಬ ಮುದುಕ, "ಇಂಥವನಿಗೆ ಏನು ಕೊಟ್ಟೆ?" ಎಂದ. ಅಬು ಮಿಶಾರಿ ತೋಳು ಅಗಲಿಸಿದ. "ಕೇಳು ಕಾಸಿಂ, ಏನು ಬೇಕೋ ಕೇಳು."

ತುಂಬಿದ ದಿವಾನಿಯಾದಲ್ಲಿ ಕೇಳು ಎಂದವನು ಇಲ್ಲ ಎನ್ನುವಂತಿಲ್ಲ. ಇಲ್ಲ ಎಂದರೆ ಮೀಸೆಯ ಮಾನ ಹೋಯಿತು. ಅದು ಕಾಸಿಮನಿಗೆ ಗೊತ್ತಿತ್ತು. ತಾನಾಗಿ ಕೇಳುವುದಿಲ್ಲ ಎಂದು ಹಟ ಹಿಡಿದವನು ಕಾಫಿಯ ಕಿರುಬಟ್ಟಲುಗಳ ನಡುವೆ ತಲೆ ತಗ್ಗಿಸಿ ನಿಂತು, "ನನ್ನ ಜವಾಜ್" ಎಂದ. "ಅದು ನನ್ನ ಹತ್ತಿರ ಇರಲಿ."

ಅಬು ಮಿಶಾರಿ ಗಹಗಹಿಸಿ ನಕ್ಕ. "ಇಷ್ಟೇನಾ? ನಾನು ಕಾರು ಕೇಳುತ್ತಾನೆ ಅಂದುಕೊಂಡೆ!" ಎಲ್ಲರೂ ನಕ್ಕರು. ಮಂದೂಬ್ ಓಡಿ ಹೋಗಿ ಆಫೀಸಿನಿಂದ ತಂದ. ಅಬು ಮಿಶಾರಿ ಅದನ್ನು ಎರಡು ಬೆರಳಿನಲ್ಲಿ ಹಿಡಿದು, ಮಕ್ಕಳಿಗೆ ಮಿಠಾಯಿ ಕೊಡುವ ಹಾಗೆ ನೀಡಿದ.

"ಶುಕ್ರನ್" ಎಂದ ಕಾಸಿಂ.

ಆ ಒಂದು ಶುಕ್ರನ್, ಆ ಧನ್ಯವಾದ, ಸಾಯುವ ತನಕ ಅವನಿಗೆ ಜೀರ್ಣವಾಗಲಿಲ್ಲ. ಆ ಮೇಲೆ ಸುಮಾರು ಆರು ವರ್ಷ ಬದುಕಿದ, ಎರಡು ಸಲ ಊರಿಗೆ ಹೋಗಿ ಬಂದ, ಉಮ್ಮನ ಗೋರಿಯ ಹತ್ತಿರ ಕೂತ. ಆದರೆ ಆ ಮಾತು ಬಂದಾಗಲೆಲ್ಲ ಮುಖ ಸೊಟ್ಟಗಾಗುತ್ತಿತ್ತು. "ನನ್ನದನ್ನು ನನಗೆ ಕೊಟ್ಟದ್ದಕ್ಕೆ ಶುಕ್ರನ್ ಹೇಳಿ ಬಂದೆ. ನನ್ನಂಥ ಕತ್ತೆ ಆಂಟಿಗಾದಲ್ಲೂ ಇಲ್ಲ." ಗೆದ್ದಿದ್ದೀರಲ್ಲ ಮಾರಾಯ್ರೇ ಎಂದರೆ, "ಗೆದ್ದದ್ದು ಅವನು. ದೊಡ್ಡ ಮನಸ್ಸಿನವ ಅಂತ ಹೆಸರು ಬಂತು" ಎನ್ನುತ್ತಿದ್ದ.

೨೦೧೧ರ ಜನವರಿಯಲ್ಲಿ, ಶರ್ಕ್ ಬಂದರಿನಲ್ಲಿ ಅದೇ ಹಳೆ ಹಡಗಿನ ಪಕ್ಕದಲ್ಲಿ, ಹಲಗೆಗೆ ಕಿವಿಯಿಟ್ಟು ಕೂತವನು ಹಾಗೆಯೇ ವಾಲಿದ. ಕೆಲಸದಲ್ಲಿದ್ದಾನೆ ಎಂದೇ ಉಳಿದವರು ಬಹಳ ಹೊತ್ತು ತಿಳಿದಿದ್ದರು. ಆಸ್ಪತ್ರೆಯಲ್ಲಿ ನರ್ಸ್ ಒಂದು ಪ್ಲಾಸ್ಟಿಕ್ ಚೀಲವನ್ನು ಲ್ಯಾನ್ಸಿಯ ಕೈಗೆ ಕೊಟ್ಟಳು. ವಾಚು, ಮೊಬೈಲು, ಕತ್ತರಿಯಿಂದ ಸೀಳಿದ ಬನಿಯನ್ನು. ಜೇಬು ಹಾಗೆಯೇ ಇತ್ತು. ಗುಂಡಿ ಹಾಕಿತ್ತು.

ಕಾರಿಡಾರಿನಲ್ಲಿ ಮಂದೂಬ್ ಕಾಯುತ್ತಿದ್ದ. ಅವನ ಕೂದಲೂ ನರೆತಿತ್ತು. ವೀಸಾ ರದ್ದು ಮಾಡಿಸುವ ಕಾಗದಪತ್ರ ಇದೆ ಎಂದು ಕೈ ಚಾಚಿದ. "ಯಲ್ಲಾ, ಜವಾಜ್."

ಲ್ಯಾನ್ಸಿ ಚೀಲವನ್ನು ಎದೆಗೆ ಒತ್ತಿ ಹಿಡಿದ. "ಅಲ್‌ಜವಾಜ್ ಇಂದಿ" ಎಂದ. ಎಂದು ನಡೆದುಬಿಟ್ಟ.

ಮರುದಿನ ತಾನೇ ಎಂಬಸಿಗೆ ಹೋಗಿ ಸರತಿಯಲ್ಲಿ ನಿಂತ. ಗುಮಾಸ್ತ ಪಾಸ್‌ಪೋರ್ಟಿನ ಮೂಲೆ ಕತ್ತರಿಸಿ, ಮುದ್ರೆ ಹೊಡೆದು, ಮನೆಯವರಿಗೆ ಕಳಿಸಿ ಎಂದು ಹಿಂದಕ್ಕೆ ಕೊಟ್ಟ. ಲ್ಯಾನ್ಸಿ ಶುಕ್ರನ್ ಹೇಳಲಿಲ್ಲ, ಥ್ಯಾಂಕ್ಸ್ ಕೂಡ ಹೇಳಲಿಲ್ಲ. ಸುಲೈಬಿಖಾತ್ ಗೋರಿಸ್ಥಾನದಲ್ಲಿ ಮಣ್ಣು ಮಾಡಿ ಬಂದ ಸಂಜೆ ಆಸಿಯಮ್ಮನಿಗೆ ಫೋನು ಹಚ್ಚಿದ. ಅವಳು ಅತ್ತು ಮುಗಿಸಿ ಕೇಳಿದ್ದು ಒಂದೇ ಮಾತು.

"ಪಾಸ್‌ಪೋರ್ಟ್ ಯಾರ ಕೈಯಲ್ಲಿ ಉಂಟು ಲ್ಯಾನ್ಸಣ್ಣ?"

"ನನ್ನ ಕೈಯಲ್ಲಿ."

"ಕಬ್ಬಿಣದ ಪೆಟ್ಟಿಗೆಗೆ ಹೋಗಲಿಲ್ಲ ಅಲ್ವಾ?"

"ಇಲ್ಲ."

"ಹಾಂ," ಎಂದಳು ಅವಳು. "ಹಾಗಾದರೆ ಕಳಿಸಿ."