ಚಿಕ್ಕಮ್ಮನ ಮರಸೇಬು

ನನ್ನನ್ನು ನೋಡಲು ಪುತ್ತೂರಿನಿಂದ ಗಂಡಿನ ಕಡೆಯವರು ಬಂದ ದಿನ, ಚಿಕ್ಕಮ್ಮ ಅಡುಗೆಕೋಣೆಯಿಂದ ಹೊರಗೆ ಬರಬಾರದು ಎಂದು ಅಮ್ಮ ಮೊದಲೇ ಹೇಳಿದ್ದಳು. ಚಿಕ್ಕಮ್ಮ ಅಮ್ಮನ ಒಡಹುಟ್ಟಿದ ತಂಗಿ. ಗಂಡ ಸತ್ತವಳು ಎದುರಿಗೆ ಬಂದರೆ ಮಾತುಕತೆ ಮುರಿದೀತು ಎಂಬ ಹೆದರಿಕೆ ಅಮ್ಮನಿಗೆ. ಚಿಕ್ಕಮ್ಮ "ಆಯ್ತು" ಎಂದಷ್ಟೇ ಹೇಳಿ ಒಲೆಯ ಮುಂದೆ ಕೂತಳು.

ಆಗ ಅವಳಿಗೆ ಮೂವತ್ತು ದಾಟಿತ್ತಷ್ಟೆ. ಅವಳ ಗಂಡ ಕೊಡಗಿನ ಒಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದ. ಜ್ವರದಲ್ಲಿ ಅವನು ಹೋದ ಮೇಲೆ ಒಂದು ಟ್ರಂಕು ಹಿಡಿದುಕೊಂಡು ಬೆಳ್ಳಾರೆಯ ನಮ್ಮ ಮನೆಗೆ ಬಂದಳು. ಕೊಡಗಿನಲ್ಲಿದ್ದ ಆರು ವರ್ಷಗಳಲ್ಲಿ ತೋಟದ ದೊರೆಯ ಹೆಂಡತಿ ಅವಳಿಗೆ ಕೆಲವು ಇಂಗ್ಲಿಷ್ ತಿಂಡಿಗಳನ್ನು ಕಲಿಸಿದ್ದಳು. ಅವುಗಳಲ್ಲಿ ಒಂದು, ಸುಟ್ಟ ಸಕ್ಕರೆಯ ಪಾಕ ಹಾಕಿದ ಮರಸೇಬು. ನಮ್ಮ ಕಡೆ ಪೇರಳೆ ಅಂದರೆ ಸೀಬೆಹಣ್ಣು. ಇದು ಬೇರೆ, ಇಂಗ್ಲಿಷಿನವರು ಪೇರ್ ಅನ್ನುವ ಘಟ್ಟದ ಮೇಲಿನ ಹಣ್ಣು, ಹಸಿಯಾಗಿ ಕಚ್ಚಿದರೆ ಹಲ್ಲು ನೋಯುವಷ್ಟು ಗಟ್ಟಿ. ಅಪ್ಪ ಮಡಿಕೇರಿಗೆ ಹೋದಾಗಲೊಮ್ಮೆ ಒಂದು ಚೀಲ ತರುತ್ತಿದ್ದರು.

ಅವಳು ಮಾಡುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಸಿಪ್ಪೆ ತೆಗೆದು, ತೊಟ್ಟು ಮುರಿಯದ ಹಾಗೆ ಉದ್ದಕ್ಕೆ ಸೀಳಿ, ಚಮಚದ ತುದಿಯಿಂದ ಬೀಜದ ಗೂಡನ್ನು ಗುಂಡಗೆ ತೆಗೆಯುತ್ತಿದ್ದಳು. ದಪ್ಪ ತಳದ ಪಾತ್ರೆಗೆ ಬೆಣ್ಣೆ ಸವರಿ, ಹೋಳುಗಳನ್ನು ಮಗುಚಿ ಜೋಡಿಸಿ, ಎರಡು ಲವಂಗ, ಒಂದು ಚೂರು ದಾಲ್ಚಿನ್ನಿ ಹಾಕಿ ಮುಚ್ಚುತ್ತಿದ್ದಳು. ಕೆಳಗೆ ಕೆಂಡ, ಮುಚ್ಚಳದ ಮೇಲೂ ತೆಂಗಿನ ಗೆರಟೆಯ ಕೆಂಡ. ಅದು ಬೇಯುವಾಗ ಇನ್ನೊಂದು ಒಲೆಯಲ್ಲಿ ನೀರು ಹಾಕದೆ ಬರೀ ಸಕ್ಕರೆ ಕರಗಿಸುವುದು. ಅದು ಜೇನಿನ ಬಣ್ಣಕ್ಕೆ ಬಂದು, ಅಲ್ಲಿಂದ ಒಣ ಅಡಿಕೆಸಿಪ್ಪೆಯ ಬಣ್ಣಕ್ಕೆ ತಿರುಗುವ ಹೊತ್ತಿಗೆ ಪಾತ್ರೆ ಇಳಿಸಿ, ಬೆಣ್ಣೆ, ಆಮೇಲೆ ಹಾಲಿನ ಕೆನೆ. ಭುಸ್ಸೆಂದು ಉಕ್ಕುವಾಗ ಅವಳು ಕೈ ಹಿಂದೆ ತೆಗೆಯುತ್ತಿರಲಿಲ್ಲ. ಕೊನೆಗೆ ಒಂದು ಚಿಟಿಕೆ ಉಪ್ಪು.

ಅವತ್ತು ಅಮ್ಮ ಅದನ್ನು ಬೆಳ್ಳಿಯ ಬಟ್ಟಲುಗಳಲ್ಲಿ ಹಾಕಿ ನನ್ನ ಕೈಯಲ್ಲಿ ಕಳಿಸಿದಳು. ಹುಡುಗ ಮದ್ರಾಸಿನಲ್ಲಿ ಓದಿ ವಕೀಲನಾದವನು. ಒಂದು ಚಮಚ ತಿಂದು ತಲೆಯೆತ್ತಿದ.

"ಇದು ಮದ್ರಾಸಿನ ದೊಡ್ಡ ಹೋಟೆಲಿನಲ್ಲಿ ಸಿಕ್ಕುದು. ಇಲ್ಲಿ ಯಾರು ಮಾಡಿದ್ದು?"

"ಮಗಳೇ ಮಾಡಿದ್ದು," ಎಂದಳು ಅಮ್ಮ.

ಅವನು ನನ್ನ ಮುಖ ನೋಡಿದ. ನಾನು ತಲೆ ತಗ್ಗಿಸಿದೆ. ನಾಚಿಕೆ ಎಂದುಕೊಂಡರು. ಮದುವೆ ನಿಶ್ಚಯವಾಯಿತು.

ಪುತ್ತೂರಿಗೆ ಹೋದ ಮೂರನೇ ತಿಂಗಳಲ್ಲಿ ನನ್ನ ಗಂಡ ಇಬ್ಬರು ಸ್ನೇಹಿತರನ್ನು ಊಟಕ್ಕೆ ಕರೆದರು. ಮರಸೇಬನ್ನು ಎಲ್ಲಿಂದಲೋ ತರಿಸಿಯೂ ಇದ್ದರು. ನಾನು ಎರಡು ಸಲ ಸಕ್ಕರೆ ಕರಿ ಮಾಡಿದೆ. ಹಣ್ಣು ಒಂದು ಬದಿ ಹೊತ್ತಿ, ಇನ್ನೊಂದು ಬದಿ ಹಸಿಯಾಗಿ ಉಳಿಯಿತು. ಎಲ್ಲವನ್ನೂ ಗೊಬ್ಬರದ ಗುಂಡಿಗೆ ಸುರಿದು, ಹಣ್ಣು ಒಳಗೆ ಕೊಳೆತಿತ್ತು ಎಂದು ಸುಳ್ಳು ಹೇಳಿದೆ. ಆ ವರ್ಷವಿಡೀ ಒಂದೊಂದು ನೆವ ಹೇಳುತ್ತ ಹೋದೆ. ಬಸುರಿಯಾದಾಗ ಅಪ್ಪನಿಗೆ ಕಾಗದ ಬರೆದೆ: ಜತೆಗೆ ಯಾರೂ ಇಲ್ಲ, ಚಿಕ್ಕಮ್ಮನನ್ನು ಕಳಿಸಿ.

ಅವಳು ಅದೇ ಟ್ರಂಕು ಹಿಡಿದುಕೊಂಡು ಬಂದಳು. ಕೈಕಾಲು ತೊಳೆದು ಒಳಗೆ ಬಂದವಳೇ ಅಡುಗೆಕೋಣೆಯನ್ನು ಒಮ್ಮೆ ನೋಡಿ, "ಇಲ್ಲಿ ದಪ್ಪ ತಳದ ಪಾತ್ರೆ ಉಂಟಾ?" ಎಂದು ಕೇಳಿದಳು. ನಾನು ಯಾಕೆ ಕರೆಸಿದೆ ಎಂದು ನಾನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಬಾಣಂತನಕ್ಕೆ ಬಂದವಳು ಐದು ವರ್ಷ ಉಳಿದಳು. ನನ್ನ ಮಗಳನ್ನು ಎತ್ತಿ ಆಡಿಸಿದವಳು ಅವಳು, ಬೆಳಿಗ್ಗೆಯ ದೋಸೆಯಿಂದ ರಾತ್ರಿಯ ಸಾರಿನವರೆಗೆ ಬೇಯಿಸಿದವಳು ಅವಳು. ನೆಂಟರು ಬಂದಾಗ ಮರಸೇಬು ಮಾಡಿ ಬಟ್ಟಲುಗಳಲ್ಲಿ ಜೋಡಿಸಿ, ಬಾಗಿಲ ಹತ್ತಿರ ಇಟ್ಟು ಹಿಂದೆ ಸರಿಯುತ್ತಿದ್ದಳು. ನಾನು ಸೆರಗು ಸರಿಮಾಡಿಕೊಂಡು ತೆಗೆದುಕೊಂಡು ಹೋಗುತ್ತಿದ್ದೆ. ಪುತ್ತೂರಿನ ಕೋರ್ಟಿನವರ ಮನೆಗಳಲ್ಲೆಲ್ಲ ನನ್ನ ಕೈರುಚಿಯ ಮಾತಾಯಿತು. ಹೊಗಳಿಕೆ ಕೇಳಿ ಕೇಳಿ, ನಾನೇ ಮಾಡಿದ್ದು ಎಂದು ಕೆಲವೊಮ್ಮೆ ನನಗೇ ಅನಿಸುತ್ತಿತ್ತು.

ಒಂದು ದಿನ ಮಂಗಳೂರಿನಿಂದ ಹಿರಿಯ ವಕೀಲರೊಬ್ಬರು ಹೆಂಡತಿಯ ಜತೆ ಊಟಕ್ಕೆ ಬಂದರು. ಆ ಹೆಂಗಸಿಗೆ ಅಡುಗೆಯಲ್ಲಿ ಆಸಕ್ತಿ. ನಾನು ತಡೆಯುವ ಮೊದಲೇ ಎದ್ದು ಒಳಗೆ ನಡೆದರು. ಚಿಕ್ಕಮ್ಮ ಒಲೆಯ ಮುಂದೆ ಕೂತು ಕೆನೆ ಸುರಿಯುತ್ತಿದ್ದಳು. ಪಾಕ ಉಕ್ಕುತ್ತಿತ್ತು.

"ಓಹೋ, ಮಾಡುದು ಇವರಾ? ಯಾರಿವರು?" ಎಂದು ನನ್ನನ್ನು ಕೇಳಿದರು.

ಚಿಕ್ಕಮ್ಮ ಅನ್ನಬಹುದಿತ್ತು. ಅಮ್ಮನ ತಂಗಿ ಅನ್ನಬಹುದಿತ್ತು. ಹಾಗೆ ಅಂದರೆ, ಸ್ವಂತ ಚಿಕ್ಕಮ್ಮನಿಂದ ಮಾಡಿಸಿ ತನ್ನದೆಂದು ಬಡಿಸುವವಳು ಎಂದಾಗುತ್ತದೆ. ಆಳಿನ ಕೈಯಲ್ಲಿ ಮಾಡಿಸಿದರೆ ಅದು ಮನೆಯೊಡತಿಯ ಅಡುಗೆಯೇ. ಅಷ್ಟು ಲೆಕ್ಕಾಚಾರ ನನ್ನ ತಲೆಯಲ್ಲಿ ಕ್ಷಣದಲ್ಲಿ ಆಗಿಹೋಯಿತು.

"ಅಡುಗೆಗೆ ಇರುವವರು," ಎಂದೆ. "ನಾನು ಹೇಳಿಕೊಟ್ಟದ್ದು."

ಚಿಕ್ಕಮ್ಮ ತಿರುಗಿ ನೋಡಲಿಲ್ಲ. ಸೌಟು ಆಡಿಸುತ್ತಲೇ ಆ ಹೆಂಗಸಿಗೆ, "ಹೌದಮ್ಮ, ಅಡುಗೆಗೆ ಇರುದು," ಎಂದಳು. ಆಮೇಲೆ ನನ್ನ ಕಡೆಗೆ, "ಉಪ್ಪು ಈಗ ಹಾಕುದಾ ಅಕ್ಕ?" ಎಂದು ಕೇಳಿದಳು. ಕೆಲಸದವರು ಮನೆಯೊಡತಿಯನ್ನು ಕರೆಯುವ ಹಾಗೆ ಅಕ್ಕ ಎಂದಳು. ನಾನು "ಹಾಕಿ" ಎಂದೆ.

ಮರುದಿನ ಬೆಳಿಗ್ಗೆ ಎಲ್ಲರಿಗೂ ದೋಸೆ ಹೊಯ್ದು, ಪಾತ್ರೆಗಳನ್ನು ತೊಳೆದು ಬೋರಲು ಹಾಕಿ, ಮಗಳ ಜಡೆ ಹೆಣೆದು, ಚಿಕ್ಕಮ್ಮ ಬೆಳ್ಳಾರೆಯ ಬಸ್ಸು ಹತ್ತಿದಳು. "ಅಕ್ಕನನ್ನು ನೋಡದೆ ತುಂಬ ಸಮಯ ಆಯ್ತು" ಎಂದು ನನ್ನ ಗಂಡನಿಗೆ ಹೇಳಿದಳಂತೆ. ನನಗೆ ಏನೂ ಹೇಳಲಿಲ್ಲ. ನಾನು ಬಸ್ಸಿನವರೆಗೆ ಹೋಗಲೂ ಇಲ್ಲ.

ಒಂದು ತಿಂಗಳಾದರೂ ಅವಳು ಬರಲಿಲ್ಲ. ಮತ್ತೆ ಯಾರೋ ಊಟಕ್ಕೆ ಬರುವವರಿದ್ದರು. ನನಗೆ ಸಾಕಾಗಿತ್ತು. ಗಂಡನ ಎದುರು ಕೂತು, ಹೆಣ್ಣು ನೋಡುವ ದಿನದಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಅವರು ಪೇಪರು ಮಡಚಿದರು.

"ಅದು ನನಗೆ ಗೊತ್ತಿಲ್ವಾ? ಗೊಬ್ಬರದ ಗುಂಡಿಯಲ್ಲಿ ಕರಿ ಸಕ್ಕರೆ ಕಂಡಾಗಲೇ ಗೊತ್ತಾಯ್ತು."

"ಮತ್ತೆ ಹೇಳಲಿಲ್ಲ ಎಂತಕೆ?"

"ಹೇಳುದೆಂತ? ಚಿಕ್ಕಮ್ಮ ಬಂದ್ರಲ್ಲ. ಮನೆ ನಡೀತಿತ್ತು."

ಅವರ ಮಾತಿನಲ್ಲಿ ಕೋಪವಿರಲಿಲ್ಲ. ಕೋಪವಿದ್ದರೆ ನನಗೆ ಹಗುರಾಗುತ್ತಿತ್ತು. ಯಾರಿಂದ ಮುಚ್ಚಿಡಲು ನಾನು ಅವಳನ್ನು ಆಳು ಮಾಡಿದೆನೋ ಅವರಿಗೆ ಎಲ್ಲ ಗೊತ್ತಿತ್ತು, ಗೊತ್ತಿದ್ದೂ ಐದು ವರ್ಷ ಬಟ್ಟಲು ಖಾಲಿ ಮಾಡಿದ್ದರು.

ಮಳೆಗಾಲ ಕಳೆದ ಮೇಲೆ ಬೆಳ್ಳಾರೆಗೆ ಹೋದೆ. ಚಿಕ್ಕಮ್ಮ ಜಗಲಿಯಲ್ಲಿ ಹೆಣೆದ ಚಾಪೆ ಹಾಸಿ ಹಪ್ಪಳ ಒಣಗಿಸುತ್ತಿದ್ದಳು. ನಾನು ಪಕ್ಕದಲ್ಲಿ ಕೂತು, ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಹೇಳಲು ಶುರು ಮಾಡಿದೆ.

"ಚಿಕ್ಕಮ್ಮ, ನಾನು ಅವತ್ತು ಹಾಗೆ ಹೇಳಬಾರದಿತ್ತು."

"ಸುಳ್ಳೆಂತ ಹೇಳಿದ್ದು ನೀನು?" ಎಂದಳು ಅವಳು, ಹಪ್ಪಳ ಮಗುಚುತ್ತ. "ಅಡುಗೆಗೇ ಇದ್ದದ್ದಲ್ವಾ ನಾನು? ನಾನೇ ಬೇರೆ ಎಂತದೋ ಅಂದುಕೊಂಡಿದ್ದೆ. ಕಾಫಿ ಕುಡಿ, ಆರ್ತದೆ."

ಕಾಫಿ ಕುಡಿದೆ. ಮಗಳ ಶಾಲೆಯ ಬಗ್ಗೆ ಕೇಳಿದಳು, ಹೇಳಿದೆ. ಹೊರಡುವಾಗ ಮಗಳಿಗೆಂದು ಹಪ್ಪಳ ಕಟ್ಟಿಕೊಟ್ಟಳು. ತಿರುಗಿ ಬರುವ ಬಸ್ಸಿನಲ್ಲಿ ನನಗೆ ಅಳು ಬರಲಿಲ್ಲ. ಕ್ಷಮೆ ಕೇಳಿ ಮುಗಿಯಿತು ಎಂಬ ನಿರಾಳವೇ ಇತ್ತು. ಆ ನಿರಾಳವನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ.

ಆಮೇಲೆ ಅವಳು ಪುತ್ತೂರಿಗೆ ಕಾಲಿಡಲಿಲ್ಲ. ವರ್ಷಕ್ಕೊಮ್ಮೆ ಕಾಗದದಲ್ಲಿ ಕರೆಯುತ್ತಿದ್ದೆ, ಕಾಲು ನೋವು ಎಂದು ಅಪ್ಪನ ಕೈಯಲ್ಲಿ ಉತ್ತರ ಬರೆಸುತ್ತಿದ್ದಳು. ಎರಡನೇ ಸಲ ನಾನು ಕರೆಯುತ್ತಿರಲಿಲ್ಲ.